ಕೈಯಾರೆ ಕಟ್ಟಿದ ಮರದ ದೋಣಿಗೆ ಯಾವ ಬಣ್ಣ, ಯಾವ ಹೊಳಪು?

ಮರಗೆಲಸ ಮುಗಿದಿದೆ. ಧೂಳೆಲ್ಲ ಒರೆಸಿ ಆಗಿದೆ. ಈಗ ಬಣ್ಣದ ಡಬ್ಬಿಗಳ ಸಾಲಿನ ಮುಂದೆ ನಿಂತರೆ ನಿಜಕ್ಕೂ ಗೊಂದಲವಾಗುತ್ತದೆ. ಎನಾಮೆಲ್, ಪಾಲಿಯುರೆಥೇನ್, ವಾರ್ನಿಷ್, ಎಣ್ಣೆ. ಒಂದೊಂದರಲ್ಲೂ ಗ್ಲಾಸ್ ಅಂದರೆ ಪೂರ್ತಿ ಹೊಳಪು, ಸ್ಯಾಟಿನ್ ಅಂದರೆ ಅರೆ ಹೊಳಪು, ಮ್ಯಾಟ್ ಅಂದರೆ ಹೊಳಪಿಲ್ಲದ್ದು. ಅದರ ಮೇಲೆ ನೂರಾರು ಬಣ್ಣ.

ನನ್ನ ಮೊದಲ ದೋಣಿಗೆ ನಾನು ಆರಿಸಿದ್ದು ಕಡು ಹಸಿರು. ತಿಂಗಳುಗಟ್ಟಲೆ ಉಜ್ಜಿ ನುಣುಪು ಮಾಡಿದ ಮೈಗೆ ಆ ಬಣ್ಣ ಬಿದ್ದಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಬೇಸಿಗೆ ಅದನ್ನು ಬಯಲಲ್ಲಿ ಮಗುಚಿ ಇಟ್ಟೆ. ಬೇಸಿಗೆ ಮುಗಿಯುವ ಹೊತ್ತಿಗೆ ಆ ಹೊಳಪಿನ ಅಡಿಯಿಂದ ಬಟ್ಟೆಯ ನೇಯ್ಗೆಯಂಥ ಗುರುತು ಎದ್ದು ಬಂದಿತ್ತು. ಬಣ್ಣ ಕೆಟ್ಟದ್ದಾಗಿರಲಿಲ್ಲ, ಬಳಿದದ್ದೂ ಸರಿಯಾಗಿಯೇ ಇತ್ತು. ತಪ್ಪಿದ್ದು ಆಯ್ಕೆಯಲ್ಲಿ. ಆ ಬಣ್ಣಕ್ಕೂ ಆ ದೋಣಿಯ ಬದುಕಿಗೂ ಹೊಂದಾಣಿಕೆ ಇರಲಿಲ್ಲ.

ಅಂದಿನಿಂದ ಯಾರು ಬಣ್ಣದ ಬಗ್ಗೆ ಕೇಳಿದರೂ ನಾನು ಮೊದಲು ಕೇಳುವುದು ಒಂದೇ ಮಾತು. ನಿಮ್ಮ ದೋಣಿ ರಾತ್ರಿ ಎಲ್ಲಿ ಮಲಗುತ್ತದೆ?

ನೀರಲ್ಲೋ, ದಡದಲ್ಲೋ

ದೋಣಿ ವಾರಗಟ್ಟಲೆ ನೀರಲ್ಲೇ ಇರುತ್ತದೆಯೋ, ಅಥವಾ ಪ್ರತಿ ಸಲ ಓಡಿಸಿದ ಮೇಲೆ ದಡಕ್ಕೆ ಎಳೆದು ಇಡುತ್ತೀರೋ? ಅರ್ಧ ಆಯ್ಕೆ ಇಲ್ಲೇ ಮುಗಿದುಹೋಗುತ್ತದೆ.

ದೋಣಿಯ ಪಕ್ಕೆಗೆಂದು ಮಾರುವ ಬಣ್ಣಗಳು ನೀರಿನ ಎರಚಲು, ಮಳೆ, ದಿನವೆಲ್ಲ ತೇಲುವುದು ಎಲ್ಲವನ್ನೂ ತಡೆಯುತ್ತವೆ. ಆದರೆ ಎಡೆಬಿಡದೆ ಮುಳುಗಿರುವುದಕ್ಕೆ ಅವು ಆಗುವುದಿಲ್ಲ. ನೀರು ನಿಧಾನವಾಗಿ ಬಣ್ಣದ ಪೊರೆಯೊಳಗೆ ಇಳಿಯುತ್ತದೆ, ಗುಳ್ಳೆ ಏಳುತ್ತದೆ, ಆಮೇಲೆ ಪದರ ಪದರವಾಗಿ ಕಿತ್ತು ಬರುತ್ತದೆ. ಎರಡು ಡಬ್ಬಿ ಬೆರೆಸಿ ಬಳಿಯುವ ಗಟ್ಟಿ ಪಾಲಿಯುರೆಥೇನ್‌ಗಳಲ್ಲೂ ಹೆಚ್ಚಿನವಕ್ಕೆ ಇದೇ ಮಿತಿ ಇದೆ. ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಅಷ್ಟು ಗಟ್ಟಿ ಬಣ್ಣ ಅಲ್ವಾ, ನೀರಿಗೆ ಹೆದರುತ್ತದೆಯೇ ಎಂದುಕೊಳ್ಳುತ್ತಾರೆ. ಡಬ್ಬಿಯ ಮೇಲೆ ‘ನೀರಿನ ಮಟ್ಟಕ್ಕಿಂತ ಮೇಲೆ’ ಎಂದು ಬರೆದಿದ್ದರೆ ಅದನ್ನು ಅಕ್ಷರಶಃ ನಂಬಿ.

ನೀರಲ್ಲೇ ಇರುವ ದೋಣಿಯ ತಳಕ್ಕೆ ಮೊದಲು ಎಪಾಕ್ಸಿ ಪ್ರೈಮರ್, ಅದರ ಮೇಲೆ ಆಂಟಿಫೌಲಿಂಗ್ ಬಣ್ಣ ಬೇಕು. ಎಪಾಕ್ಸಿ ಎಂದರೆ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳ, ಪ್ರೈಮರ್ ಎಂದರೆ ಮೇಲಿನ ಬಣ್ಣ ಹಿಡಿಯಲೆಂದು ಅಡಿಯಲ್ಲಿ ಬಳಿಯುವ ಪದರ. ಆಂಟಿಫೌಲಿಂಗ್ ಕೆಲಸ ಮಾಡುವುದು ಹೆಚ್ಚಾಗಿ ತಾಮ್ರದಿಂದ. ಬಣ್ಣದೊಳಗಿನ ತಾಮ್ರದ ಆಕ್ಸೈಡ್ ಸ್ವಲ್ಪ ಸ್ವಲ್ಪವೇ ನೀರಿಗೆ ಬಿಡುತ್ತಾ ಪಾಚಿ, ಚಿಪ್ಪಿನ ಹುಳು ಅಂಟದ ಹಾಗೆ ನೋಡಿಕೊಳ್ಳುತ್ತದೆ. ಇದರಲ್ಲಿ ಎರಡು ಬಗೆ. ಒಂದು ಗಟ್ಟಿಯಾಗಿ ಉಳಿಯುವುದು, ಉಜ್ಜಿ ತೊಳೆದರೂ ತಡೆಯುತ್ತದೆ. ಇನ್ನೊಂದು ಸೋಪಿನ ಹಾಗೆ ತಾನೇ ಸವೆಯುತ್ತಾ ಹೊಸ ಪದರ ತೋರಿಸುವುದು. ಎರಡನೆಯದರಲ್ಲಿ ವರ್ಷ ವರ್ಷ ಬಣ್ಣ ದಪ್ಪವಾಗುತ್ತಾ ಹೋಗುವ ತೊಂದರೆ ಇಲ್ಲ. ನನಗೆ ಅದೇ ಇಷ್ಟ. ಹಿಂದೆ ಟ್ರೈಬ್ಯೂಟೈಲ್‌ಟಿನ್ ಎಂಬ ತವರದ ಸಂಯುಕ್ತ ಹಾಕುತ್ತಿದ್ದರು. ಅದು ನೀರಿನ ಜೀವಿಗಳಿಗೆ ಎಷ್ಟು ಘೋರವಾಗಿತ್ತೆಂದರೆ, 2001ರಲ್ಲಿ ಅದರ ವಿರುದ್ಧ ಅಂತರರಾಷ್ಟ್ರೀಯ ಒಪ್ಪಂದವೇ ಆಯಿತು. ಆ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ಯಾರದೋ ಗೋದಾಮಿನಲ್ಲಿ ಉಳಿದ ತೀರಾ ಹಳೆಯ ಡಬ್ಬಿ ಸಿಕ್ಕರೆ ದಯವಿಟ್ಟು ಮುಟ್ಟಬೇಡಿ.

ದಡದಲ್ಲಿ ಮಲಗುವ ದೋಣಿಗೆ ಆಂಟಿಫೌಲಿಂಗ್ ಬೇಡವೇ ಬೇಡ. ಪಾಚಿ ಕಟ್ಟುವಷ್ಟು ಹೊತ್ತು ಅದು ನೀರಲ್ಲಿ ಇರುವುದಿಲ್ಲ. ಸುಮ್ನೆ ಕೈಗೆ, ಬಟ್ಟೆಗೆ ಮೆತ್ತಿಕೊಳ್ಳುತ್ತದೆ, ಅಷ್ಟೆ. ಮನೆಯಲ್ಲಿ ಕಟ್ಟುವ ದೋಣಿಗಳಲ್ಲಿ ಹೆಚ್ಚಿನವು ಹೀಗೆ ದಡದಲ್ಲಿ ಇರುವಂಥವೇ. ಹಾಗಾಗಿ ಮುಂದಿನ ಮಾತೆಲ್ಲ ಮುಖ್ಯವಾಗಿ ಅವುಗಳ ಬಗ್ಗೆ.

ಬಣ್ಣದ ಅಡಿಯಲ್ಲಿ ಏನಿದೆ

ಎರಡನೆಯ ಪ್ರಶ್ನೆ ಮರದ್ದು. ಪ್ಲೈವುಡ್ ಅಥವಾ ತೆಳು ಪಟ್ಟಿಗಳಿಂದ ಕಟ್ಟಿ, ಒಳಗೂ ಹೊರಗೂ ಎಪಾಕ್ಸಿ ಹಚ್ಚಿದ ದೋಣಿ ಹೆಚ್ಚು ಅಲುಗಾಡುವುದಿಲ್ಲ. ಮರ ತೇವ ಕುಡಿಯುವುದು, ಉಬ್ಬುವುದು, ಕುಗ್ಗುವುದು ಬಹಳ ಕಡಿಮೆ. ಅದರ ಮೇಲೆ ಎಷ್ಟು ಗಟ್ಟಿ ಬಣ್ಣ ಬಳಿದರೂ ನಿಲ್ಲುತ್ತದೆ.

ಇಡೀ ಮರದ ಹಲಗೆಗಳನ್ನು ಜೋಡಿಸಿ ಕಟ್ಟಿದ ದೋಣಿಯ ಕಥೆ ಬೇರೆ. ನೀರಿಗಿಳಿದಾಗ ಹಲಗೆ ಉಬ್ಬಿ ಸಂದು ಮುಚ್ಚಿಕೊಳ್ಳಬೇಕು. ದಡಕ್ಕೆ ಬಂದಾಗ ಒಣಗಿ ಕುಗ್ಗಬೇಕು. ಅಂಥ ಮೈಗೆ ಗಾಜಿನಂಥ ಗಟ್ಟಿ ಬಣ್ಣ ಬಳಿದರೆ ಪ್ರತಿ ಸಂದಿಯಲ್ಲೂ ಅದು ಬಿರಿಯುತ್ತದೆ. ಬಿರುಕಿನಿಂದ ಒಳಗೆ ಹೋದ ನೀರು ಹೊರಗೆ ಬರುವುದಕ್ಕೆ ದಾರಿ ಇರುವುದಿಲ್ಲ, ಒಳಗೊಳಗೇ ಮರ ಕುಂಬಾಗುತ್ತದೆ. ಇಂಥ ದೋಣಿಗೆ ಸ್ವಲ್ಪ ಮೆತ್ತಗಿರುವ, ಮರದ ಜೊತೆ ಹಿಗ್ಗಿ ಕುಗ್ಗುವ ಎಣ್ಣೆ ಮೂಲದ ಎನಾಮೆಲ್ ಸರಿ. ಇದರಲ್ಲಿ ನನಗೆ ಎರಡನೆಯ ಮಾತೇ ಇಲ್ಲ.

ಯಾವ ಬಗೆಯ ದೋಣಿಯಾದರೂ ಹಲಗೆಯ ಕೊಯ್ದ ತುದಿಗಳನ್ನು ಮರೆಯಬೇಡಿ. ಮರ ನೀರು ಕುಡಿಯುವುದು ಆ ತುದಿಯಿಂದಲೇ ಜಾಸ್ತಿ. ಪ್ಲೈವುಡ್ಡಿನ ಅಂಚು, ತಿರುಪಿನ ತೂತು, ನೀರು ಹೊರಹೋಗುವ ಕಿಂಡಿಯ ಒಳಗೋಡೆ, ಇವುಗಳಿಗೆ ಎರಡು ಮೂರು ಸಲ ಎಪಾಕ್ಸಿ ಕುಡಿಸಿದ ಮೇಲೆಯೇ ಬಣ್ಣದ ಮಾತು.

ಎಪಾಕ್ಸಿ ಹಚ್ಚಿದ್ದೀರಿ ಎಂದರೆ ಇನ್ನೆರಡು ವಿಷಯ. ಎಪಾಕ್ಸಿ ಬಿಸಿಲಿನ ಅತಿನೇರಳೆ ಕಿರಣ ತಡೆಯುವುದಿಲ್ಲ. ಬರೀ ಎಪಾಕ್ಸಿಯ ಮೈಯನ್ನು ಬಿಸಿಲಿಗೆ ಬಿಟ್ಟರೆ ಹಳದಿಯಾಗಿ, ಮಬ್ಬಾಗಿ, ಕೊನೆಗೆ ಪುಡಿಯಾಗುತ್ತದೆ. ಮೇಲೆ ಬಣ್ಣವೋ ವಾರ್ನಿಷ್ಷೋ ಇರಲೇಬೇಕು. ಇನ್ನೊಂದು, ಅದು ಗಟ್ಟಿಯಾದ ಮೇಲೆ ಮೈಮೇಲೆ ಒಮ್ಮೊಮ್ಮೆ ಮೇಣದಂಥ ಜಿಡ್ಡು ಪೊರೆ ಕೂತಿರುತ್ತದೆ. ಕಣ್ಣಿಗೆ ಕಾಣದೆಯೂ ಇರಬಹುದು. ಅದನ್ನು ತೊಳೆಯದೆ ಉಜ್ಜಿದರೆ ಸ್ಯಾಂಡ್‌ಪೇಪರ್ ಆ ಜಿಡ್ಡನ್ನೇ ಮೈಗೆಲ್ಲ ಹರಡುತ್ತದೆ. ಮೇಲೆ ಬಳಿದ ಎನಾಮೆಲ್ ವಾರಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ಪರಿಹಾರ ಸುಲಭ. ಮೊದಲು ಬರೀ ನೀರು ಮತ್ತು ಪಾತ್ರೆ ಉಜ್ಜುವ ನಾರಿನಿಂದ ಚೆನ್ನಾಗಿ ತಿಕ್ಕಿ, ಒರೆಸಿ, ಒಣಗಿಸಿ. ಆಮೇಲೆ ಉಜ್ಜಿ. ಥಿನ್ನರ್ ಬೇಡ, ಆ ಪೊರೆ ಕರಗುವುದು ನೀರಲ್ಲೇ.

ನಾಲ್ಕು ಬಗೆಯ ಬಣ್ಣ

ಮೊದಲನೆಯದು ಮನೆಯ ಹೊರಗೋಡೆಗೆ ಬಳಿಯುವ ಅಕ್ರಿಲಿಕ್ ಬಣ್ಣ. ದೋಣಿಗೆ ಮನೆಯ ಬಣ್ಣವೇ ಎಂದು ಮೂಗು ಮುರಿಯುವವರು ಇದ್ದಾರೆ. ನಾನು ಹಾಗೆ ಹೇಳುವುದಿಲ್ಲ. ದಡದಲ್ಲಿ ಮಲಗುವ ಸಣ್ಣ ದೋಣಿಗೆ ಒಳ್ಳೆಯ ಗುಣಮಟ್ಟದ ಅಕ್ರಿಲಿಕ್ ನಿಜವಾಗಿಯೂ ಸಾಕು. ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ, ಮರದೊಳಗಿನ ತೇವ ಹೊರಬರಲು ಬಿಡುತ್ತದೆ, ಬ್ರಷ್ಷನ್ನು ನೀರಲ್ಲಿ ತೊಳೆದರೆ ಆಯಿತು. ಕೊರತೆ ಎರಡು. ಅದು ಎನಾಮೆಲ್‌ನಷ್ಟು ನುಣುಪಾಗಿ ಹರಡುವುದಿಲ್ಲ, ಬ್ರಷ್ಷಿನ ಗೆರೆ ಉಳಿಯುತ್ತದೆ. ಬಿಸಿಲಲ್ಲಿ ಕಾದಾಗ ಸ್ವಲ್ಪ ಮೆತ್ತಗಾಗಿ, ಮೇಲೆ ಹೊದಿಸಿದ ಟಾರ್ಪಾಲಿಗೂ ಕೆಳಗಿಟ್ಟ ದಿಮ್ಮಿಗೂ ಅಂಟಿಕೊಳ್ಳುತ್ತದೆ. ಮುಟ್ಟಿದರೆ ಒಂದು ಗಂಟೆಯಲ್ಲೇ ಒಣಗಿದಂತೆ ಕಂಡರೂ ಪೂರ್ತಿ ಬಿಗಿಯಾಗುವುದಕ್ಕೆ ಮೂರು ನಾಲ್ಕು ವಾರ ಬೇಕು. ಅಲ್ಲಿಯವರೆಗೆ ದೋಣಿ ಕಟ್ಟಿದವರಿಗೆ ತಾಳ್ಮೆ ಇರುವುದಿಲ್ಲ, ಅದೇ ಕಷ್ಟ.

ಎರಡನೆಯದು ಎಣ್ಣೆ ಮೂಲದ ಆಲ್ಕಿಡ್ ಎನಾಮೆಲ್. ಕಿಟಕಿ ಸರಳಿಗೆ, ಬಾಗಿಲಿಗೆ ಬಳಿಯುವ ಜಾತಿಯದೇ. ಸಾಗರ ದರ್ಜೆಯದಾದರೆ ಬಿಸಿಲು ತಡೆಯುವ ಶಕ್ತಿ ಹೆಚ್ಚು. ಬ್ರಷ್ಷಿನಿಂದ ಬಳಿಯುವುದಕ್ಕೆ ಇದರಷ್ಟು ಹಿತವಾದ ಬಣ್ಣ ಇನ್ನೊಂದಿಲ್ಲ. ತಾನೇ ಹರಡಿಕೊಂಡು ಗೆರೆ ಮುಚ್ಚುತ್ತದೆ. ಹೊಳಪು ಸುಮಾರು ಎರಡು ಮೂರು ವರ್ಷ ಇರುತ್ತದೆ, ಆಮೇಲೆ ಮೈ ಸೀಮೆಸುಣ್ಣದ ಹಾಗೆ ಪುಡಿ ಬಿಡಲು ತೊಡಗುತ್ತದೆ. ಆಗ ಸ್ವಲ್ಪ ಉಜ್ಜಿ ಇನ್ನೊಂದು ಕೋಟ್ ಕೊಟ್ಟರೆ ಹೊಸದಾಗುತ್ತದೆ.

ಮೂರನೆಯದು ಒಂದೇ ಡಬ್ಬಿಯ ಪಾಲಿಯುರೆಥೇನ್. ಹೆಸರು ದೊಡ್ಡದು. ಒಳಗಿರುವುದು ಯುರೆಥೇನ್ ಬೆರೆಸಿ ಬಲಪಡಿಸಿದ ಆಲ್ಕಿಡ್, ಅಷ್ಟೇ. ಎನಾಮೆಲ್‌ಗಿಂತ ಗಟ್ಟಿ, ಹೊಳಪು ಜಾಸ್ತಿ ದಿನ ಉಳಿಯುತ್ತದೆ, ಬಳಿಯುವುದೂ ಅಷ್ಟೇ ಸುಲಭ. ಎಪಾಕ್ಸಿ ಹಚ್ಚಿದ ದೋಣಿ ಕಟ್ಟಿ ಮೊದಲ ಬಾರಿ ಬಣ್ಣ ಬಳಿಯುವವರಿಗೆ ನಾನು ಹೇಳುವುದು ಇದನ್ನೇ. ಎಪಾಕ್ಸಿಗೂ ಇದಕ್ಕೂ ನಡುವೆ ಹೊಂದುವ ಪ್ರೈಮರ್ ಒಂದು ಇರಲಿ.

ನಾಲ್ಕನೆಯದು ಎರಡು ಡಬ್ಬಿಯ ಪಾಲಿಯುರೆಥೇನ್. ಬಣ್ಣ ಒಂದರಲ್ಲಿ, ಗಟ್ಟಿ ಮಾಡುವ ರಾಸಾಯನಿಕ ಇನ್ನೊಂದರಲ್ಲಿ. ಬೆರೆಸಿದ ಮೇಲೆ ಒಳಗೆ ರಾಸಾಯನಿಕ ಕ್ರಿಯೆ ನಡೆದು ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಅದರ ಹೊಳಪು ವರ್ಷಗಟ್ಟಲೆ ಮಾಸುವುದಿಲ್ಲ. ಗೀರು, ಪೆಟ್ರೋಲು, ಬಿಸಿಲು ಯಾವುದಕ್ಕೂ ಬೇಗ ಬಗ್ಗುವುದಿಲ್ಲ. ಇಷ್ಟು ಕೇಳಿದರೆ ಇದೇ ಇರಲಿ ಎನಿಸುತ್ತದೆ. ಸ್ವಲ್ಪ ತಡೆಯಿರಿ.

ಗಟ್ಟಿ ಮಾಡುವ ಆ ಡಬ್ಬಿಯಲ್ಲಿ ಐಸೊಸಯನೇಟ್ ಇರುತ್ತದೆ. ಅದು ಉಸಿರಿನಲ್ಲಿ ಹೋದರೆ ದಮ್ಮು ಬರಿಸಬಲ್ಲದು. ಒಮ್ಮೆ ಮೈಗೆ ಅದರ ಅಲರ್ಜಿ ಹತ್ತಿತೆಂದರೆ, ಮುಂದೆ ಅತಿ ಸ್ವಲ್ಪ ಪ್ರಮಾಣವೂ ತಡೆಯುವುದಿಲ್ಲ. ಸ್ಪ್ರೇ ಮಾಡುವುದಂತೂ ಮನೆಯಲ್ಲಿ ಬೇಡ. ಅದಕ್ಕೆ ಹೊರಗಿನಿಂದ ಗಾಳಿ ಕೊಡುವ ಮುಖವಾಡವೇ ಬೇಕು. ರೋಲರ್ ಮತ್ತು ಬ್ರಷ್ಷಿನಿಂದ ಬಳಿಯುವಾಗಲೂ ರಾಸಾಯನಿಕ ಆವಿ ತಡೆಯುವ ಮಾಸ್ಕ್, ಕೈಗವಸು, ಕನ್ನಡಕ, ಚೆನ್ನಾಗಿ ಗಾಳಿಯಾಡುವ ಜಾಗ ಇರಲೇಬೇಕು. ಬಟ್ಟೆಯ ಮಾಸ್ಕ್ ಯಾವ ಉಪಯೋಗಕ್ಕೂ ಬರುವುದಿಲ್ಲ.

ಇನ್ನೊಂದು ಕಾರಣ ನನಗೆ ಇಷ್ಟೇ ಮುಖ್ಯ. ಸಣ್ಣ ದೋಣಿ ದಡಕ್ಕೆ ಉಜ್ಜುತ್ತದೆ, ಕಲ್ಲಿಗೆ ತಾಗುತ್ತದೆ, ಹುಟ್ಟು ತಗುಲಿ ಚಕ್ಕೆ ಏಳುತ್ತದೆ. ಎನಾಮೆಲ್ ಬಳಿದಿದ್ದರೆ ಸಂಜೆ ಅರ್ಧ ಗಂಟೆಯಲ್ಲಿ ಉಜ್ಜಿ, ಸಣ್ಣ ಬ್ರಷ್ಷಿನಲ್ಲಿ ತೇಪೆ ಹಾಕಿ ಮುಗಿಸಬಹುದು. ಎರಡು ಡಬ್ಬಿಯ ಬಣ್ಣಕ್ಕಾದರೆ ಒಂದು ಅಂಗುಲದ ಗೀರಿಗೂ ಅಳತೆ ಮಾಡಿ ಬೆರೆಸಬೇಕು, ಮಾಸ್ಕ್ ಹಾಕಬೇಕು, ಉಳಿದದ್ದನ್ನು ಚೆಲ್ಲಬೇಕು. ತೇಪೆಯ ಅಂಚೂ ಸುಲಭಕ್ಕೆ ಬೆರೆಯುವುದಿಲ್ಲ. ರಿಪೇರಿ ಕಷ್ಟವಾದರೆ ಜನ ರಿಪೇರಿಯನ್ನೇ ಮುಂದಕ್ಕೆ ಹಾಕುತ್ತಾರೆ. ಅಷ್ಟರಲ್ಲಿ ನೀರು ಒಳಗೆ ಹೋಗಿರುತ್ತದೆ. ಹಾಗಾಗಿ ನೋಟಕ್ಕೆಂದೇ ಕಟ್ಟಿದ, ಎಪಾಕ್ಸಿ ಮತ್ತು ಗಾಜಿನ ಬಟ್ಟೆ (ಗಾಜಿನ ಎಳೆಯಿಂದ ನೇಯ್ದದ್ದು) ಹೊದಿಸಿದ, ಜೋಪಾನವಾಗಿ ಬಳಸುವ ದೋಣಿಗೆ ಮಾತ್ರ ನಾನು ಎರಡು ಡಬ್ಬಿಯ ಬಣ್ಣ ಒಪ್ಪುತ್ತೇನೆ.

ಮರ ಕಾಣಬೇಕೋ, ಮುಚ್ಚಬೇಕೋ

ಇಷ್ಟು ಚೆಂದದ ಮರವನ್ನು ಬಣ್ಣದಲ್ಲಿ ಮುಚ್ಚಿಬಿಡುವುದೇ ಎಂಬ ಸಂಕಟ ದೋಣಿ ಕಟ್ಟಿದ ಪ್ರತಿಯೊಬ್ಬರಿಗೂ ಬರುತ್ತದೆ. ಆ ಸಂಕಟ ನಿಜವಾದದ್ದು. ಆದರೆ ಬಣ್ಣದಲ್ಲಿ ಬಣ್ಣದ ಪುಡಿಯೇ ಬಿಸಿಲನ್ನು ತಡೆಯುತ್ತದೆ. ವಾರ್ನಿಷ್ ಪಾರದರ್ಶಕ. ಅದರಲ್ಲಿ ಅತಿನೇರಳೆ ಕಿರಣ ಹೀರುವ ವಸ್ತು ಬೆರೆಸಿದ್ದರೂ ಬೆಳಕು ಮರದವರೆಗೆ ಹೋಗಿಯೇ ಹೋಗುತ್ತದೆ. ಅಲ್ಲಿ ಮರದ ಮೇಲ್ಪದರ ಸಡಿಲವಾಗಿ ವಾರ್ನಿಷ್ ಹಿಡಿತ ಬಿಡುತ್ತದೆ.

ದೋಣಿಗೆ ಬೇಕಾದ್ದು ಸ್ಪಾರ್ ವಾರ್ನಿಷ್. ಸ್ಪಾರ್ ಎಂದರೆ ಹಾಯಿ ಕಟ್ಟುವ ಕಂಬ, ಅಡ್ಡಗೋಲು. ಗಾಳಿಗೆ ಅವು ಬಾಗುತ್ತವೆ. ಅವುಗಳ ಜೊತೆ ಬಾಗುವ ಮೆತ್ತನೆಯ ವಾರ್ನಿಷ್ ಆದ್ದರಿಂದ ಆ ಹೆಸರು. ಪೀಠೋಪಕರಣಕ್ಕೆ ಹಚ್ಚುವ ವಾರ್ನಿಷ್ ಇಲ್ಲಿ ಒಂದು ಬೇಸಿಗೆಯಲ್ಲೇ ಬಿರಿದು ಏಳುತ್ತದೆ. ಬರೀ ಮರಕ್ಕೆ ಹಚ್ಚುವಾಗ ಮೊದಲ ಕೋಟಿಗೆ ಅರ್ಧಕ್ಕರ್ಧ ಥಿನ್ನರ್ ಬೆರೆಸಿ ಮರಕ್ಕೆ ಕುಡಿಸಿ. ಮುಂದಿನದಕ್ಕೆ ಕಡಿಮೆ, ಅದರ ಮುಂದಿನದಕ್ಕೆ ಇನ್ನೂ ಕಡಿಮೆ. ಒಟ್ಟು ಆರರಿಂದ ಎಂಟು ಕೋಟ್ ಆಗಬೇಕು. ನಡುನಡುವೆ 220 ಅಥವಾ 320 ನಂಬರಿನ ಕಾಗದದಿಂದ ಹಗುರಾಗಿ ಉಜ್ಜಬೇಕು. ಬಿಸಿಲಿನಲ್ಲಿ ಇರುವ ದೋಣಿಯಾದರೆ ಪ್ರತಿ ವರ್ಷ ಒಂದೆರಡು ಹೊಸ ಕೋಟ್ ತಪ್ಪಿಸುವಂತಿಲ್ಲ. ಸುಡು ಬಿಸಿಲಿನ ಜಾಗದಲ್ಲಿ ವರ್ಷಕ್ಕೆ ಎರಡು ಸಲ. ಹೊಳಪು ಮಂಕಾದ ದಿನವೇ ಹಚ್ಚಿದರೆ ಒಂದು ಮಧ್ಯಾಹ್ನದ ಕೆಲಸ. ಸಿಪ್ಪೆ ಏಳುವವರೆಗೆ ಕಾದರೆ ಎಲ್ಲ ಕೆರೆದು ಮೊದಲಿನಿಂದ ಶುರು ಮಾಡಬೇಕು.

ಎಣ್ಣೆ ಹಚ್ಚುವುದು ಇನ್ನೂ ಸುಲಭ. ಬಟ್ಟೆಯಲ್ಲಿ ಅದ್ದಿ ಒರೆಸಿದರೆ ಮುಗಿಯಿತು, ಸಿಪ್ಪೆ ಏಳುವ ಮಾತೇ ಇಲ್ಲ. ಆದರೆ ಅದು ಹೆಚ್ಚು ದಿನ ಉಳಿಯುವುದಿಲ್ಲ. ಅಗಸೆ ಎಣ್ಣೆ ಕಾಲಕ್ರಮದಲ್ಲಿ ಮರವನ್ನು ಕಪ್ಪಾಗಿಸುತ್ತದೆ, ತೇವದ ಜಾಗದಲ್ಲಿ ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಟಂಗ್ ಮರದ ಬೀಜದಿಂದ ತೆಗೆಯುವ ಟಂಗ್ ಎಣ್ಣೆ ಆ ಲೆಕ್ಕದಲ್ಲಿ ಮೇಲು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಶಾಖ ಸೇರಿ ತಾನಾಗಿಯೇ ಬೆಂಕಿ ಹತ್ತುತ್ತದೆ. ಬಯಲಲ್ಲಿ ಒಂದೊಂದಾಗಿ ಹರವಿ ಒಣಗಿಸಿ, ಅಥವಾ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ.

ನಾನು ಕಂಡುಕೊಂಡ ದಾರಿ ನಡುವಿನದು. ಮೈಗೆಲ್ಲ ಬಣ್ಣ. ಅಂಚುಪಟ್ಟಿ, ಕೂರುವ ಹಲಗೆ, ಹಿಂಬದಿಯ ಹಲಗೆ, ಇವಿಷ್ಟಕ್ಕೆ ವಾರ್ನಿಷ್. ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಹಾಗಾಗಿ ಇಡೀ ದೋಣಿ ಮರದ್ದು ಎಂಬ ಭಾವ ಬರುತ್ತದೆ. ವರ್ಷಕ್ಕೊಮ್ಮೆ ಉಜ್ಜಿ ಹಚ್ಚುವುದಕ್ಕೆ ಒಂದು ದಿನ ಸಾಕು. ಪಕ್ಕೆಯ ಹಲಗೆಗಳು ಒಂದರ ಮೇಲೊಂದು ಕೂತಿರುವ ದೋಣಿಯಾದರೆ ಮೇಲಿನ ಒಂದು ಹಲಗೆಯನ್ನು ಮಾತ್ರ ವಾರ್ನಿಷ್‌ಗೆ ಬಿಡುವುದು ಹಳೆಯ ಪದ್ಧತಿ. ಅದರ ಚೆಲುವಿಗೆ ನಾನು ಇಂದಿಗೂ ಸೋಲುತ್ತೇನೆ.

ಹುಟ್ಟಿನ ವಿಷಯ ಒಂದು ಮಾತು. ಕೈ ಹಿಡಿಯುವ ಜಾಗಕ್ಕೆ ಬಣ್ಣವೂ ಬೇಡ, ವಾರ್ನಿಷ್ಷೂ ಬೇಡ. ಬೊಬ್ಬೆ ಏಳುತ್ತದೆ. ಬರೀ ಮರ ಅಥವಾ ತುಸು ಎಣ್ಣೆ ಸಾಕು.

ಬಣ್ಣ: ಮೊದಲು ಬಿಸಿ, ಆಮೇಲೆ ಚೆಂದ

ನನ್ನ ಹಸಿರು ದೋಣಿಗೆ ಏನಾಯಿತು ಎಂದು ಈಗ ಹೇಳಬಹುದು. ಸಾಧಾರಣ ಬಿಸಿಯಲ್ಲಿ ಗಟ್ಟಿಯಾದ ಎಪಾಕ್ಸಿ ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗತೊಡಗುತ್ತದೆ. ಜೋರು ಬಿಸಿಲಲ್ಲಿ ಕಪ್ಪು, ಕಡು ನೀಲಿ, ಕಡು ಹಸಿರು ಬಳಿದ ಹಲಗೆ ಆ ಮಟ್ಟವನ್ನು ಸಲೀಸಾಗಿ ದಾಟುತ್ತದೆ. ಒಳಗಿನ ಎಪಾಕ್ಸಿ ಮೆತ್ತಗಾಗಿ, ಇನ್ನಷ್ಟು ಗಟ್ಟಿಯಾಗಿ, ತುಸು ಕುಗ್ಗಿ, ಗಾಜಿನ ಬಟ್ಟೆಯ ನೇಯ್ಗೆ ಮೇಲೆ ಮೂಡುತ್ತದೆ. ಅದೇ ಬಿಸಿಲಲ್ಲಿ ಬಿಳಿ ಹಲಗೆಯನ್ನು ಮುಟ್ಟಿ ನೋಡಿ, ಕೈ ಇಟ್ಟುಕೊಂಡಿರಬಹುದು. ಮರದ ಬಿರುಕು, ಅಂಟು ಬಿಡುವುದು, ಒಣಗಿ ಸಂದು ಬಾಯಿ ಬಿಡುವುದು, ಇದೆಲ್ಲ ಕಡು ಬಣ್ಣದ ಅಡಿಯಲ್ಲಿ ಬೇಗ.

ಅದಕ್ಕೇ ಬಿಸಿಲಲ್ಲಿ ಮಲಗುವ ದೋಣಿಗೆ ನನ್ನ ಉತ್ತರ ತಿಳಿ ಬಣ್ಣ. ಕೆನೆ, ತಿಳಿ ಬೂದು, ತಿಳಿ ಹಸಿರು, ಮಾಸಲು ಹಳದಿ. ಕಡು ಬಣ್ಣದ ಆಸೆ ಇದ್ದರೆ ಮೇಲಿನ ಒಂದು ಹಲಗೆಗೆ, ಒಂದು ಪಟ್ಟಿಗೆ ಇರಲಿ. ಮಾಡಿನ ಕೆಳಗೆ ಮಲಗುವ ದೋಣಿಯಾದರೆ ಕಡು ನೀಲಿಯನ್ನೂ ಧೈರ್ಯವಾಗಿ ಬಳಿಯಬಹುದು.

ಅಚ್ಚ ಬಿಳಿಗೆ ಒಂದು ಗುಣ, ಒಂದು ದೋಷ. ಎಲ್ಲಕ್ಕಿಂತ ತಂಪು ಅದೇ. ಮಾಸಿದರೂ ತೇಪೆ ಹೊಂದಿಸುವುದು ಸುಲಭ. ಆದರೆ ದೋಣಿಯ ಒಳಗೆ ಬಳಿದರೆ ಬಿಸಿಲು ಅದಕ್ಕೆ ಬಡಿದು ಕಣ್ಣಿಗೆ ಚುಚ್ಚುತ್ತದೆ. ಒಳಗೆ ಕೆನೆ ಅಥವಾ ತಿಳಿ ಬೂದು ಹಿತ. ತಳದ ಒಳಮೈಗೂ ತಿಳಿ ಬಣ್ಣವೇ ಇರಲಿ. ಕೆಸರು, ಸೋರಿಕೆ, ಹೊಸ ಬಿರುಕು ಎಲ್ಲ ಕೂಡಲೇ ಕಾಣುತ್ತದೆ. ಕಡು ಬಣ್ಣ ಅದನ್ನೆಲ್ಲ ಅಡಗಿಸುತ್ತದೆ.

ಮಾಸುವ ವಿಷಯದಲ್ಲಿ ಬಣ್ಣಗಳೆಲ್ಲ ಒಂದೇ ಅಲ್ಲ. ಮಣ್ಣಿನ ಬಣ್ಣಗಳು, ಅಂದರೆ ಕಬ್ಬಿಣದ ಆಕ್ಸೈಡಿನ ಇಟ್ಟಿಗೆ ಕೆಂಪು, ಕಾವಿ, ಮಣ್ಣು ಹಳದಿ, ಬಿಸಿಲಿಗೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಥಳಥಳಿಸುವ ಕೆಂಪು ಬೇಗ ಬಿಳಚಿಕೊಳ್ಳುತ್ತದೆ. ಕಡು ಬಣ್ಣದ ಮೇಲೆ ಬಿಳಿ ಪುಡಿ, ಉಪ್ಪಿನ ಕಲೆ, ಗೀರು ಎಲ್ಲ ಎದ್ದು ಕಾಣುತ್ತವೆ. ಕೆಂಪು, ಹಳದಿಗೆ ಅಡಿಯ ಬಣ್ಣ ಮುಚ್ಚುವ ಶಕ್ತಿಯೂ ಕಡಿಮೆ. ಅಡಿಯಲ್ಲಿ ಎಲ್ಲ ಕಡೆ ಒಂದೇ ತೆರನಾದ ಅಂಡರ್‌ಕೋಟ್ ಇಲ್ಲದಿದ್ದರೆ ನಾಲ್ಕು ಕೋಟ್ ಬಳಿದರೂ ಪುಟ್ಟಿಯ ತೇಪೆಗಳು ಇಣುಕುತ್ತವೆ.

ಚೆಂದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನೀರಿನ ಮೇಲೆ ದೋಣಿ ದೂರಕ್ಕೆ ಕಾಣಬೇಕು. ಬೂದು, ನೀಲಿ, ಹಸಿರು ನೀರಲ್ಲಿ ಕರಗಿಹೋಗುತ್ತವೆ. ಅಲೆ ನೊರೆ ಏಳುವ ದಿನ ಬಿಳಿಯೂ ಕಾಣುವುದಿಲ್ಲ. ಕಿತ್ತಳೆ, ಉಜ್ವಲ ಹಳದಿ ಚೆನ್ನಾಗಿ ಕಾಣುತ್ತವೆ. ಇಡೀ ದೋಣಿಯನ್ನು ಕಿತ್ತಳೆ ಮಾಡಬೇಕಿಲ್ಲ. ಮಗುಚಿದ ದೋಣಿಯಲ್ಲಿ ಮೇಲೆ ಕಾಣುವುದು ತಳ. ಹಾಗಾಗಿ ತಳಕ್ಕೆ ಹಳದಿಯೋ ಕಿತ್ತಳೆಯೋ ಬಳಿದರೆ ಮಾಮೂಲಿ ದಿನಗಳಲ್ಲಿ ನೋಟ ಕೆಡುವುದಿಲ್ಲ, ಬೇಕಾದ ದಿನ ಹುಡುಕುವವರಿಗೆ ಕಾಣುತ್ತದೆ. ಹುಟ್ಟಿನ ಅಲಗಿಗೂ ಅದೇ ಬಣ್ಣ ಬಳಿಯಿರಿ. ಎತ್ತಿ ಬೀಸಿದರೆ ಬಾವುಟದ ಕೆಲಸ ಮಾಡುತ್ತದೆ. ತೆರೆದ ದೊಡ್ಡ ನೀರಿಗೆ ಹೋಗುವವರು ಈ ಮಾತನ್ನು ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಆಕಾರದ ಮೇಲೂ ಬಣ್ಣ ಕೆಲಸ ಮಾಡುತ್ತದೆ. ಪಕ್ಕೆ ತೀರಾ ಎತ್ತರವಾಗಿ ಡಬ್ಬಿಯ ಹಾಗೆ ಕಂಡರೆ ಮೇಲಿನ ಹಲಗೆಗೆ ಕಡು ಬಣ್ಣ, ಕೆಳಗೆ ತಿಳಿ ಬಣ್ಣ ಕೊಡಿ. ದೋಣಿ ತಗ್ಗಾಗಿ, ಉದ್ದವಾಗಿ ಕಾಣುತ್ತದೆ. ನೀರಿನ ಮಟ್ಟದಲ್ಲಿ ಪಟ್ಟಿ ಬಳಿಯುವುದಾದರೆ ಎರಡು ತುದಿಗೆ ಹೋಗುತ್ತಾ ಅದು ತುಸು ಮೇಲೇಳಬೇಕು. ಪೂರ್ತಿ ನೇರ ಎಳೆದರೆ ಕಣ್ಣಿಗೆ ತುದಿಗಳು ಜೋತುಬಿದ್ದಂತೆ ಕಾಣುತ್ತವೆ. ಒಂದು ದೋಣಿಗೆ ಮೂರಕ್ಕಿಂತ ಹೆಚ್ಚು ಬಣ್ಣ ಬೇಡ, ವಾರ್ನಿಷ್ ಹಚ್ಚಿದ ಮರವನ್ನೂ ಸೇರಿಸಿ ಎಣಿಸಿ.

ಹೊಳಪು ಎಷ್ಟಿರಲಿ

ಪೂರ್ತಿ ಹೊಳಪಿನ ಬಣ್ಣ ಎಲ್ಲಕ್ಕಿಂತ ಗಟ್ಟಿ, ತೊಳೆಯಲು ಸುಲಭ, ಬಿಸಿಲಿಗೆ ಜಾಸ್ತಿ ದಿನ ನಿಲ್ಲುತ್ತದೆ. ಹೊಳಪು ತಗ್ಗಿಸಲು ಬೆರೆಸುವ ಪುಡಿ ಬಣ್ಣದ ಬಾಳಿಕೆಯನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಆದರೆ ಹೊಳಪು ಏನನ್ನೂ ಮುಚ್ಚುವುದಿಲ್ಲ. ಪಕ್ಕೆಯ ಪ್ರತಿ ತಗ್ಗು, ಉಬ್ಬು, ಉಜ್ಜಿದ ಗೀರು, ಎಲ್ಲವೂ ಅದರಲ್ಲಿ ದುಪ್ಪಟ್ಟಾಗಿ ಕಾಣುತ್ತವೆ. ಕಡು ಬಣ್ಣ, ಅದರ ಮೇಲೆ ಪೂರ್ತಿ ಹೊಳಪು ಎಂದರೆ ಮೈ ನಿಜಕ್ಕೂ ನುಣುಪಾಗಿರಬೇಕು.

ಮೊದಲ ದೋಣಿ ಕಟ್ಟಿದವರಿಗೆ ಸ್ಯಾಟಿನ್ ಒಳ್ಳೆಯ ಗೆಳೆಯ. ನೋಟ ಮೃದುವಾಗಿರುತ್ತದೆ, ಸಣ್ಣ ಕೊರತೆಗಳು ಮರೆಯಾಗುತ್ತವೆ, ಒಳಮೈಗೆ ಬಳಿದರೆ ಕಣ್ಣಿಗೆ ಹೊಡೆಯುವುದಿಲ್ಲ. ಹೊರಗೆ ಗ್ಲಾಸ್, ಒಳಗೆ ಸ್ಯಾಟಿನ್ ಎಂಬ ಜೋಡಿ ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟಿದೆ. ಪೂರ್ತಿ ಮ್ಯಾಟ್ ದೋಣಿಗೆ ಬೇಡ, ಕೊಳೆ ಹಿಡಿದರೆ ಬಿಡುವುದಿಲ್ಲ.

ಕಾಲಿಡುವ ಜಾಗ ಮಾತ್ರ ಬೇರೆ ಲೆಕ್ಕ. ಒದ್ದೆಯಾದ ನುಣುಪು ಬಣ್ಣದ ಮೇಲೆ ಕಾಲು ಜಾರುತ್ತದೆ. ಬಣ್ಣ ಹಸಿ ಇರುವಾಗ ಜರಡಿ ಹಿಡಿದ ಒಣ ಮರಳು ಉದುರಿಸಿ, ಒಣಗಿದ ಮೇಲೆ ಸಡಿಲ ಮರಳು ಗುಡಿಸಿ, ಮೇಲೆ ಇನ್ನೊಂದು ಕೋಟ್ ಕೊಡಬಹುದು. ಬರಿಗಾಲಿಗೆ, ಮಂಡಿಗೆ ಮರಳು ಒರಟಾಯಿತು ಎನ್ನುವವರು ಸಕ್ಕರೆ ಉದುರಿಸುತ್ತಾರೆ. ಬಣ್ಣ ಒಣಗಿದ ಮೇಲೆ ನೀರು ಹೊಯ್ದರೆ ಸಕ್ಕರೆ ಕರಗಿ ಸಣ್ಣ ಸಣ್ಣ ಕುಳಿ ಉಳಿಯುತ್ತವೆ. ಹಿಡಿತವೂ ಇದೆ, ಚರ್ಮ ತರಚುವುದೂ ಇಲ್ಲ. ಜಾಗದ ಸುತ್ತ ಒಂದೆರಡು ಅಂಗುಲ ನುಣುಪು ಅಂಚು ಬಿಟ್ಟರೆ ಅಚ್ಚುಕಟ್ಟಾಗಿ ಕಾಣುತ್ತದೆ.

ಬಳಿಯುವ ಮುಂಚೆ

ಬಣ್ಣ ಎಷ್ಟು ಬೇಕು? ಸಾಮಾನ್ಯವಾಗಿ ಒಂದು ಲೀಟರ್ ಒಂದು ಕೋಟಿಗೆ ಸುಮಾರು 10 ಚದರ ಮೀಟರ್ ಬರುತ್ತದೆ. 3.6 ಮೀಟರ್ ಉದ್ದದ ಚಪ್ಪಟೆ ತಳದ ದೋಣಿಯ ಹೊರಮೈ 6 ಚದರ ಮೀಟರ್ ಆಸುಪಾಸು. ಮೂರು ಕೋಟಿಗೆ ಎರಡು ಲೀಟರ್ ಸಾಕು. ಒಂದೇ ಬಣ್ಣದ್ದು ಎರಡು ಡಬ್ಬಿ ಕೊಂಡರೆ ಎರಡರ ಬಣ್ಣವನ್ನೂ ದೊಡ್ಡ ಪಾತ್ರೆಯಲ್ಲಿ ಒಟ್ಟಿಗೆ ಕಲಸಿ. ಒಂದೇ ಹೆಸರಿನ ಡಬ್ಬಿಗಳಲ್ಲೂ ತುಸು ಛಾಯೆ ವ್ಯತ್ಯಾಸ ಇರುತ್ತದೆ, ಅದು ಪಕ್ಕೆಯ ನಡುವೆ ಗೆರೆಯಾಗಿ ಕಾಣಬಾರದು.

ಪ್ರೈಮರ್, ಅಂಡರ್‌ಕೋಟ್, ಮೇಲಿನ ಬಣ್ಣ ಒಂದೇ ಕಂಪನಿಯ ಒಂದೇ ಸಾಲಿನವಾಗಿದ್ದರೆ ಜಗಳ ಕಡಿಮೆ. ಎರಡು ಡಬ್ಬಿಯ ಬಣ್ಣವನ್ನು ಸಾಧಾರಣ ಎನಾಮೆಲ್ ಮೇಲೆ ಬಳಿಯಬೇಡಿ. ಅದರ ಥಿನ್ನರ್ ಅಡಿಯ ಬಣ್ಣವನ್ನು ಸುಕ್ಕುಗಟ್ಟಿಸಿ ಎಬ್ಬಿಸುತ್ತದೆ. ಬಳಿಯುವ ದಿನ ಗಾಳಿ, ಧೂಳು, ನೇರ ಬಿಸಿಲು ಇರಬಾರದು. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ. ಸಂಜೆಯ ತೇವ ಬೀಳುವ ಹೊತ್ತಿಗೆ ಬಣ್ಣ ಹೊರಪೊರೆ ಕಟ್ಟಿರಬೇಕು, ಇಲ್ಲದಿದ್ದರೆ ಹೊಳಪು ಮಬ್ಬಾಗುತ್ತದೆ. ಇಬ್ಬರು ಇದ್ದರೆ ಬಹಳ ಒಳ್ಳೆಯದು. ಒಬ್ಬರು ಫೋಮ್ ರೋಲರಿನಲ್ಲಿ ತೆಳುವಾಗಿ ಹಚ್ಚುತ್ತಾ ಹೋಗಬೇಕು. ಇನ್ನೊಬ್ಬರು ಹಿಂದೆಯೇ ಒಣ ಬ್ರಷ್ಷಿನ ತುದಿಯನ್ನು ಹಗುರಾಗಿ ಎಳೆದು ಗುಳ್ಳೆ ಒಡೆಯಬೇಕು. ದಪ್ಪನೆಯ ಎರಡು ಕೋಟಿಗಿಂತ ತೆಳ್ಳಗಿನ ಮೂರು ಮೇಲು. ಗೆರೆ ಎಳೆಯಲು ಅಂಟಿಸಿದ ಟೇಪನ್ನು ಬಣ್ಣ ಇನ್ನೂ ತುಸು ಹಸಿ ಇರುವಾಗಲೇ ಕೀಳಿ.

ಬಣ್ಣದ ಚೀಟಿ ನೋಡಿ ತೀರ್ಮಾನಿಸಬೇಡಿ. ಬೆರಳಗಲದ ಚೀಟಿಯಲ್ಲಿ ಸೌಮ್ಯವಾಗಿ ಕಂಡ ಹಳದಿ ಇಡೀ ಪಕ್ಕೆಗೆ ಬಂದಾಗ ಕೂಗುತ್ತದೆ. ಉಳಿದ ಪ್ಲೈವುಡ್ ತುಂಡಿನ ಮೇಲೆ ನಿಮ್ಮ ದೋಣಿಯದೇ ಕ್ರಮದಲ್ಲಿ ಎಪಾಕ್ಸಿ, ಪ್ರೈಮರ್, ಬಣ್ಣ ಎಲ್ಲ ಬಳಿಯಿರಿ. ಅರ್ಧಕ್ಕೆ ಒಂದು ಬಣ್ಣ, ಇನ್ನರ್ಧಕ್ಕೆ ಇನ್ನೊಂದು. ದೋಣಿ ಮಲಗುವ ಜಾಗದಲ್ಲೇ ಒಂದೆರಡು ವಾರ ಇಡಿ. ಮಧ್ಯಾಹ್ನ ಹೋಗಿ ಎರಡೂ ಅರ್ಧಕ್ಕೆ ಕೈ ಇಟ್ಟು ನೋಡಿ. ಉಗುರಿನಿಂದ ಗೀರಿ, ಬಣ್ಣ ಬಿಗಿಯಾಗಿ ಹಿಡಿದಿದೆಯೇ, ಇನ್ನೂ ಅಂಟುತ್ತದೆಯೇ ಎಂದು ಪರೀಕ್ಷಿಸಿ. ನಾನು ಈಗ ಪ್ರತಿ ದೋಣಿಗೂ ಹೀಗೇ ಮಾಡುತ್ತೇನೆ. ಆ ತುಂಡಿನ ಹಿಂಬದಿಯಲ್ಲಿ ಬಣ್ಣದ ಹೆಸರು, ಸಂಖ್ಯೆ, ಬಳಿದ ತಾರೀಕು ಬರೆದು, ಉಳಿದ ಬಣ್ಣವನ್ನು ಅಂಚಿನವರೆಗೆ ತುಂಬಿದ ಸಣ್ಣ ಗಾಜಿನ ಸೀಸೆಯಲ್ಲಿ ಹಾಕಿ, ಎರಡನ್ನೂ ಹುಟ್ಟುಗಳ ಪಕ್ಕದಲ್ಲೇ ಇಡುತ್ತೇನೆ. ಮೊದಲ ಗೀರು ಬಿದ್ದ ಸಂಜೆ ಅವು ಕೈಗೆ ಸಿಗಬೇಕು.